ಈಜುವ ಮಕ್ಕಳ ಮೈಕಟ್ಟು, ಬಲ ಮತ್ತು ವೇಗ: ಪೋಷಕರಿಗೊಂದು ಮಾರ್ಗದರ್ಶಿ

ಹದಿಮೂರರ ಹುಡುಗರ 100 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗೆ ಎಂಟು ಮಂದಿ ಸ್ಟಾರ್ಟಿಂಗ್ ಬ್ಲಾಕ್ ಹತ್ತಿ ನಿಂತಾಗ ಅವರ ಮೈಕಟ್ಟನ್ನೊಮ್ಮೆ ನೋಡಬೇಕು. ಒಬ್ಬನಿಗೆ ಮೀಸೆ ಚಿಗುರಿದೆ, ಹೆಗಲು ಹರಡಿಕೊಂಡಿದೆ, ದನಿ ಒಡೆದಿದೆ. ಪಕ್ಕದ ಲೇನಿನವನು ಅವನ ಭುಜದೆತ್ತರಕ್ಕೂ ಬರುವುದಿಲ್ಲ, ಪಕ್ಕೆಲುಬು ಎಣಿಸಬಹುದು. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, ಆದ್ದರಿಂದ ಒಂದೇ ವಯೋವರ್ಗ. ಯಾರು ಮುಂದೆ ಬರುತ್ತಾರೆಂಬುದು ಸೀಟಿ ಊದುವ ಮೊದಲೇ ಗ್ಯಾಲರಿಯಲ್ಲಿ ಕುಳಿತವರಿಗೆಲ್ಲ ಗೊತ್ತು.

ಸೋತ ಹುಡುಗನ ಅಪ್ಪ ಅಮ್ಮ ಮನೆಯ ದಾರಿಯಲ್ಲಿ ಮಾತಾಡಿಕೊಳ್ಳುವುದು ಮೂರು ವಿಷಯ: ಜಿಮ್‌ಗೆ ಸೇರಿಸೋಣವೇ, ಪ್ರೋಟೀನ್ ಪುಡಿ ಕೊಡಿಸೋಣವೇ, ಇಲ್ಲವೇ ಈಜು ಬಿಡಿಸಿ ಟ್ಯೂಷನ್‌ಗೆ ಹಾಕೋಣವೇ? ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಾಗಲಿ, ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಾಗಲಿ, ಮಂಡ್ಯದಲ್ಲಾಗಲಿ ಈ ಮಾತು ಕಿವಿಗೆ ಬೀಳದ ವರ್ಷವಿಲ್ಲ. ಮೂರಕ್ಕೂ ನನ್ನ ಉತ್ತರ ಒಂದೇ: ಈಗಲೇ ಬೇಡ, ಮೊದಲು ಅಳತೆಯ ಟೇಪು ಹಿಡಿಯಿರಿ. ನಿಮ್ಮ ಮಗುವಿನ ದೇಹ ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬುದು ತಿಳಿಯದೆ ಅದರ ಬಲದ ಬಗ್ಗೆ ತೀರ್ಮಾನ ಮಾಡಲಾಗದು.

ಮೊದಲು ನೀರಿನ ಲೆಕ್ಕ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಈಜುವವನ ವೇಗ ಎರಡರಷ್ಟಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ತೋಳಿಗೆ ಎಷ್ಟು ಬಲ ತುಂಬಿದರೂ ಮೈ ನೀರಿನಲ್ಲಿ ಸೊಟ್ಟಗಿದ್ದರೆ ಆ ಬಲವೆಲ್ಲ ತಡೆಗೇ ಖರ್ಚಾಗಿಹೋಗುತ್ತದೆ.

ಉದ್ದನೆಯ ದೇಹ ಮೇಲ್ಮೈಯಲ್ಲಿ ಏಳಿಸುವ ಅಲೆಯಿಂದ ಆಗುವ ನಷ್ಟ ಕಡಿಮೆ. ಉದ್ದ ತೋಳು ಒಂದು ಎಳೆತಕ್ಕೆ ಹೆಚ್ಚು ದೂರ ಸಾಗಿಸುತ್ತದೆ. ದೊಡ್ಡ ಅಂಗೈ ಮತ್ತು ಪಾದ ಹೆಚ್ಚು ನೀರು ಹಿಡಿಯುತ್ತವೆ. ಮೈಕೆಲ್ ಫೆಲ್ಪ್ಸ್ ಅವರ ಎತ್ತರ 193 ಸೆಂಟಿಮೀಟರ್, ಚಾಚಿದ ತೋಳುಗಳ ಅಳತೆ ಸುಮಾರು 201. ಇದನ್ನು ಕೇಳಿ ಎದೆಗುಂದುವ ಮೊದಲು ಜಪಾನಿನ ಕೊಸುಕೆ ಕಿಟಾಜಿಮಾ ಅವರನ್ನೂ ನೆನೆಯಬೇಕು. 178 ಸೆಂಟಿಮೀಟರ್ ಎತ್ತರದ ಅವರು 2004ರ ಅಥೆನ್ಸ್ ಮತ್ತು 2008ರ ಬೀಜಿಂಗ್ ಒಲಿಂಪಿಕ್ಸ್ ಎರಡರಲ್ಲೂ 100 ಮತ್ತು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದರು. ಮೈಕಟ್ಟು ಅನುಕೂಲವೇ ಹೌದು. ಆದರೆ ಎತ್ತರ ಕಡಿಮೆಯಾದವರು ನೀರಿನಲ್ಲಿ ಮೈ ಇಡುವ ರೀತಿ ಮತ್ತು ಎಳೆತದ ಲಯದಿಂದ ಅದರ ಬಹುಪಾಲನ್ನು ತುಂಬಿಕೊಳ್ಳಬಲ್ಲರು.

ನಮ್ಮ ಕಡೆಯದೇ ಒಂದು ಉದಾಹರಣೆ. ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ, ಕೆರೆ, ತೋಟದ ಬಾವಿಗಳಲ್ಲಿ ಈಜಿ ಬೆಳೆದ ಹುಡುಗರ ಹೆಗಲಿನ ಕಸುವು ಪೇಟೆಯ ಮಕ್ಕಳಿಗಿಲ್ಲ. ಆದರೆ ದಡ ನೋಡಿಕೊಂಡು, ತಲೆ ನೀರಿನ ಮೇಲೆತ್ತಿ ಈಜುವುದು ಅವರಿಗೆ ಮೈಗೂಡಿರುತ್ತದೆ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ತೊಡೆಗಳು ನೀರನ್ನು ಅಡ್ಡಗಟ್ಟುತ್ತವೆ. ಈಜುಕೊಳಕ್ಕೆ ಬಂದ ಹೊಸತರಲ್ಲಿ ಅವರು ತಮ್ಮ ಅರ್ಧದಷ್ಟೂ ಬಲವಿಲ್ಲದ ಮಕ್ಕಳಿಗಿಂತ ಹಿಂದೆ ಬೀಳುವುದು ಇದರಿಂದ. ಕಣ್ಣು ಕೊಳದ ತಳ ನೋಡುವಂತೆ ತಲೆ ಇಳಿಸುವುದನ್ನು ಕಲಿತ ಮೇಲೆ ಅದೇ ಹೆಗಲು ಕೆಲಸಕ್ಕೆ ಬರುತ್ತದೆ. (ಹರಿಯುವ ನಾಲೆಯಲ್ಲಿ ಅಭ್ಯಾಸ ಮಾಡಿಸಲು ಮಾತ್ರ ಹೋಗಬೇಡಿ. ಏರಿಯ ಇಳಿಜಾರಿನಲ್ಲಿ ಹಿಡಿದು ಮೇಲೇರಲು ಆಸರೆಯೇ ಇರುವುದಿಲ್ಲ, ಎಂಥ ಬಲವೂ ಅಲ್ಲಿ ಸಾಲದು.)

ಹೆಜ್ಜೆ 1: ಅಳತೆಯ ಪುಸ್ತಕ ತೆರೆಯಿರಿ

ನೂರು ಪುಟದ ನೋಟ್‌ಬುಕ್ ಸಾಕು. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ ಅಳೆಯಿರಿ. ಸಂಜೆಯ ಹೊತ್ತಿಗೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಎತ್ತರ ಸ್ವಲ್ಪ ಇಳಿದಿರುತ್ತದೆ.

ನಿಂತ ಎತ್ತರ: ಬರಿಗಾಲು, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿರಬೇಕು, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿಟ್ಟು ಗುರುತು ಹಾಕಿ. ಕೂತ ಎತ್ತರ: ಗೋಡೆಗೊರಗಿಸಿದ ಮಣೆಯ ಮೇಲೆ ನೆಟ್ಟಗೆ ಕೂರಿಸಿ, ಮಣೆಯಿಂದ ನೆತ್ತಿಯವರೆಗೆ. ತೋಳಿನ ಚಾಚು: ಗೋಡೆಗೆ ಬೆನ್ನು ತಾಗಿಸಿ ಎರಡೂ ಕೈ ಅಡ್ಡಕ್ಕೆ ಚಾಚಿಸಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಗೆ. ಇವುಗಳ ಜೊತೆ ತೂಕ, ಮತ್ತು ನಿಂತ ಜಾಗದಿಂದ ಎರಡೂ ಕಾಲು ಜೋಡಿಸಿ ಹಾರುವ ಉದ್ದಜಿಗಿತ. ಈ ಜಿಗಿತ ಕಾಲಿನ ಸ್ಫೋಟಕ ಬಲವನ್ನು ತೋರಿಸುತ್ತದೆ. ಬ್ಲಾಕ್‌ನಿಂದ ಹಾರುವಾಗಲೂ ಗೋಡೆ ಒದ್ದು ತಿರುಗುವಾಗಲೂ ಬೇಕಾಗುವುದು ಅದೇ.

ಪುಸ್ತಕದ ಅಂಕಿಗಳನ್ನು ಬೇರೆ ಮಗುವಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಡಿ. ಮೂರು ತಿಂಗಳ ಹಿಂದಿನ ಅದೇ ಮಗುವಿನ ಪಕ್ಕದಲ್ಲಿಡಿ.

ಹೆಜ್ಜೆ 2: ಬೆಳವಣಿಗೆಯನ್ನು ಓದಿ

ಬಾಲ್ಯದಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಹರೆಯದ ಓಟ, ಅಂದರೆ ಎತ್ತರ ಸರಸರನೆ ಏರುವ ಕಾಲ, ಶುರುವಾದಾಗ ಹೆಣ್ಣುಮಕ್ಕಳು ವರ್ಷಕ್ಕೆ ಸುಮಾರು 8, ಗಂಡುಮಕ್ಕಳು 9ರಿಂದ 10 ಸೆಂಟಿಮೀಟರ್ ಬೆಳೆಯುವುದುಂಟು. ಹೆಣ್ಣುಮಕ್ಕಳಲ್ಲಿ ಇದರ ಶಿಖರ ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲಿ, ಗಂಡುಮಕ್ಕಳಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿ. ಆಸುಪಾಸು ಎಂಬುದನ್ನು ಒತ್ತಿ ಹೇಳಬೇಕು. ಎರಡು ವರ್ಷ ಹಿಂದೆ ಮುಂದೆ ಆಗುವುದು ತೀರಾ ಸಹಜ. ಮೂರು ತಿಂಗಳಲ್ಲಿ ಎತ್ತರ 2 ಸೆಂಟಿಮೀಟರ್ ಅಥವಾ ಹೆಚ್ಚು ಏರಿದ್ದರೆ ಓಟ ಶುರುವಾಗಿದೆ ಎಂದು ತಿಳಿಯಬಹುದು.

ಬೆಳವಣಿಗೆಗೂ ಒಂದು ಸರದಿಯಿದೆ. ಮೊದಲು ಪಾದ ಮತ್ತು ಅಂಗೈ, ಆಮೇಲೆ ಕೈಕಾಲು, ಕೊನೆಗೆ ಮುಂಡ. ವರ್ಷದಲ್ಲಿ ಎರಡು ಸಲ ಶೂ ಬದಲಿಸಬೇಕಾಗಿ ಬಂದರೆ ಎತ್ತರದ ಓಟ ಹತ್ತಿರದಲ್ಲಿದೆ. ಸ್ನಾಯುಬಲ ಇನ್ನೂ ತಡವಾಗಿ ಬರುತ್ತದೆ: ಹುಡುಗರಲ್ಲಿ ಎತ್ತರದ ಶಿಖರ ದಾಟಿ ಆರು ತಿಂಗಳಿಂದ ಒಂದು ವರ್ಷದ ಬಳಿಕ. ಅಂದರೆ ಕೈಕಾಲು ಉದ್ದವಾಗಿ ಅದನ್ನು ಆಡಿಸುವ ಬಲ ಇನ್ನೂ ಬಾರದ ಕೆಲವು ತಿಂಗಳು ಇರುತ್ತವೆ. ಆಗ ಚೆನ್ನಾಗಿ ಈಜುತ್ತಿದ್ದ ಹುಡುಗನ ಬಟರ್‌ಫ್ಲೈ ಒಮ್ಮೆಲೇ ಕೆಡುತ್ತದೆ, ಟರ್ನ್ ಮಾಡುವಾಗ ಗೋಡೆಯ ಅಂದಾಜು ತಪ್ಪುತ್ತದೆ. ಸೋಮಾರಿಯಾದ ಎಂದು ಬೈಯುವ ಕಾಲವಲ್ಲ ಅದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೈನೆರೆಯುವ ಹೊತ್ತಿಗೆ ಸೊಂಟ ಅಗಲವಾಗಿ ದೇಹದ ಕೊಬ್ಬಿನ ಪಾಲು ಏರುತ್ತದೆ. ಆ ಕೊಬ್ಬು ಸೊಂಟ, ತೊಡೆಗಳನ್ನು ತೇಲಿಸಿ ಮೈಯನ್ನು ಮಟ್ಟಸವಾಗಿಡಲು ನೆರವಾಗುತ್ತದೆ, ಆದರೆ ಹೊಸ ಆಕಾರಕ್ಕೆ ಈಜು ಹೊಂದಿಕೊಳ್ಳುವವರೆಗೆ ಸ್ಪರ್ಧೆಯ ಸಮಯ ಸುಧಾರಿಸದೆ ನಿಂತಲ್ಲೇ ನಿಲ್ಲಬಹುದು, ಕೆಲವೊಮ್ಮೆ ಹಿಂದಿಗಿಂತ ನಿಧಾನವೂ ಆಗಬಹುದು. ‘ದಪ್ಪಗಾಗಿದ್ದೀಯ, ರಾತ್ರಿ ಊಟ ಬಿಡು’ ಎಂದು ಕೊಳದ ದಡದಲ್ಲಿ ನಿಂತು ಹೇಳುವ ದೊಡ್ಡವರನ್ನು ದಯವಿಟ್ಟು ಅಲ್ಲೇ ತಡೆಯಿರಿ. ಊಟ ಕಡಿಮೆಯಾದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ. ಒಂದು ಮಾತಿನಿಂದ ಈಜು ಬಿಟ್ಟುಹೋಗುವ ಹುಡುಗಿಯರಿದ್ದಾರೆ.

ಬೇಗ ಬೆಳೆದವರು ಬೇಗ ಗೆಲ್ಲುತ್ತಾರೆ, ನಿಜ. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ವಯಸ್ಸು 14. ಆದರೆ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಈಜಿ, ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ ‘ಎ’ ಅರ್ಹತಾ ಮಟ್ಟ ಮುಟ್ಟಿದ ಮೊದಲ ಭಾರತೀಯ ಈಜುಪಟುವಾದದ್ದು 2021ರಲ್ಲಿ, 27ರ ಹರೆಯದಲ್ಲಿ. ಹದಿಮೂರಕ್ಕೆ ಹಿಂದುಳಿದ ಹುಡುಗನ ದಾರಿ ಅಲ್ಲಿಗೆ ಮುಗಿಯಿತೆಂದು ಬರೆದಿಡುವ ಅಧಿಕಾರ ಯಾರಿಗೂ ಇಲ್ಲ.

ಹೆಜ್ಜೆ 3: ಬಲ ನೀರಿಗಿಳಿಯುತ್ತಿದೆಯೇ ನೋಡಿ

ಇದಕ್ಕೆ ಎರಡು ಪರೀಕ್ಷೆ ಸಾಕು. ಕೋಚ್ ಅನುಮತಿ ಪಡೆದು ತಿಂಗಳಿಗೊಮ್ಮೆ ಮಾಡಿಸಿ.

ಮೊದಲನೆಯದು ಜಾರುವ ಪರೀಕ್ಷೆ. ಮಗು ಗೋಡೆಯನ್ನು ಒದ್ದು, ಎರಡೂ ತೋಳು ಕಿವಿಗೆ ಒತ್ತಿ, ಅಂಗೈಯ ಮೇಲೆ ಅಂಗೈ ಇಟ್ಟು, ಕಾಲು ಬಡಿಯದೆ ನೀರಿನಲ್ಲಿ ಜಾರಲಿ. ಎಲ್ಲಿ ನಿಲ್ಲುತ್ತದೋ ಗುರುತು ಹಾಕಿ. ಸ್ಪರ್ಧೆಯ ಲೇನ್ ಹಗ್ಗದಲ್ಲಿ ಗೋಡೆಯಿಂದ 5 ಮೀಟರ್‌ವರೆಗೆ ಬಿಲ್ಲೆಗಳ ಬಣ್ಣ ಬೇರೆ ಇರುತ್ತದೆ, ಅಳತೆಗೆ ಅದೇ ಸಾಕು. ಕಾಲಿನಲ್ಲಿ ಬಲವಿದ್ದೂ 5 ಮೀಟರ್ ದಾಟದಿದ್ದರೆ ಸರಿಪಡಿಸಬೇಕಾದುದು ಮೈಯ ಸಾಲು: ಮೊಣಕೈ ಬಾಗಿರಬಹುದು, ತಲೆ ಎದ್ದಿರಬಹುದು, ನಡು ಡೊಂಕಾಗಿರಬಹುದು.

ಎರಡನೆಯದು ಎಣಿಕೆ. 25 ಮೀಟರ್ ಫ್ರೀಸ್ಟೈಲ್‌ಗೆ ಎಷ್ಟು ಕೈ (ಅಂದರೆ ತೋಳಿನ ಎಳೆತ), ಎಷ್ಟು ಸೆಕೆಂಡು? 22 ಕೈ, 20 ಸೆಕೆಂಡು ಆದರೆ ಮೊತ್ತ 42. ಒಂದೂವರೆ ಎರಡು ತಿಂಗಳ ವ್ಯಾಯಾಮದ ಬಳಿಕ ಮೊತ್ತ 40ಕ್ಕೆ ಇಳಿದರೆ ನೆಲದ ಮೇಲೆ ಗಳಿಸಿದ ಬಲ ನೀರಿಗಿಳಿದಿದೆ. ಪುಲ್‌ಅಪ್ ಹೆಚ್ಚಾಗಿಯೂ ಮೊತ್ತ ಅಲ್ಲೇ ಇದ್ದರೆ ಕೈ ನೀರನ್ನು ಹಿಡಿಯುತ್ತಿಲ್ಲ, ಸೀಳಿಕೊಂಡು ಹೋಗುತ್ತಿದೆ. ಫ್ರೀಸ್ಟೈಲ್‌ನಲ್ಲಿ ಕೈ ನೀರಿಗಿಳಿದ ಕೂಡಲೇ ಮೊಣಕೈ ಮೇಲಿದ್ದು ಬೆರಳ ತುದಿ ಕೆಳಕ್ಕೆ ನೋಡಬೇಕು. ಆಗ ಮುಂಗೈ ಮತ್ತು ಅಂಗೈ ಸೇರಿ ದೋಣಿಯ ಒಂದೇ ಹುಟ್ಟಿನಂತಾಗುತ್ತವೆ, ಎಳೆಯುವ ಕೆಲಸ ಬೆನ್ನಿನ ಅಗಲ ಸ್ನಾಯುವಿಗೆ ಸಿಗುತ್ತದೆ. ಮೊಣಕೈ ಮೊದಲು ಮುಳುಗಿದರೆ ಸಣ್ಣ ಭುಜವೇ ಎಲ್ಲ ಹೊರಬೇಕು. ನೀರಿನೊಳಗೆ ಹಿಡಿಯಬಲ್ಲ ಮೊಬೈಲ್ ಕವರ್ ಇದ್ದರೆ ಪಕ್ಕದಿಂದ ಒಂದು ವಿಡಿಯೊ ತೆಗೆದು ಮಗುವಿಗೇ ತೋರಿಸಿ. ನೂರು ಸಲ ಹೇಳುವುದಕ್ಕಿಂತ ಅದು ಬೇಗ ನಾಟುತ್ತದೆ.

ಹೆಜ್ಜೆ 4: ನೆಲದ ಮೇಲಿನ ವ್ಯಾಯಾಮ

ತೂಕ ಎತ್ತಿದರೆ ಮಕ್ಕಳ ಎತ್ತರ ನಿಂತುಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ನಿಜವಲ್ಲ. ಬಲ್ಲವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ, ಮಿತವಾದ ಭಾರದಲ್ಲಿ ಮಾಡುವ ಬಲದ ವ್ಯಾಯಾಮ ಏಳೆಂಟು ವರ್ಷದ ಮಕ್ಕಳಿಗೂ ಕ್ಷೇಮ. ಮೂಳೆ ತುದಿಯ ಬೆಳವಣಿಗೆಯ ಭಾಗಕ್ಕೆ ಪೆಟ್ಟಾಗುವುದು ಕಾಯುವವರಿಲ್ಲದೆ, ಪೈಪೋಟಿಗೆ ಬಿದ್ದು, ಮೀರಿದ ಭಾರ ಎತ್ತಿದಾಗ.

ಇನ್ನೊಂದು ತಿಳಿವಳಿಕೆ ಮುಖ್ಯ. ಹರೆಯಕ್ಕೆ ಮೊದಲು ಬಲ ಹೆಚ್ಚುವುದು ಸ್ನಾಯು ದಪ್ಪಗಾಗಿ ಅಲ್ಲ; ಇರುವ ಸ್ನಾಯುವಿಗೆ ನರಗಳು ಚೆನ್ನಾಗಿ ಆಣತಿ ಕೊಡುವುದನ್ನು ಕಲಿತು. ಹತ್ತು ವರ್ಷದ ಮಗು ವರ್ಷವಿಡೀ ವ್ಯಾಯಾಮ ಮಾಡಿಯೂ ತೋಳು ಕಡ್ಡಿಯಂತೆಯೇ ಇದ್ದರೆ ಅದು ವ್ಯರ್ಥವಾಯಿತೆಂದಲ್ಲ. ಉದ್ದಜಿಗಿತದ ಅಂಕಿ ನೋಡಿ.

ಎತ್ತರದ ಓಟಕ್ಕೆ ಮೊದಲು ಮತ್ತು ಓಟದ ನಡುವೆ, ವಾರಕ್ಕೆ ಎರಡು ದಿನ, ನಡುವೆ ಒಂದು ದಿನ ಬಿಡುವು ಕೊಟ್ಟು, ಅರ್ಧ ಗಂಟೆ ಸಾಕು. ಮೈಸೂರಿನ ಗರಡಿಗಳಲ್ಲಿ ತಲೆಮಾರುಗಳಿಂದ ಬಂದ ದಂಡ ಮತ್ತು ಬಸ್ಕಿ ಇದಕ್ಕೆ ಬಹಳ ಚೆನ್ನಾಗಿ ಒದಗುತ್ತವೆ. ದಂಡ ಎದೆ, ಹೆಗಲು, ನಡುವನ್ನು ಒಟ್ಟಿಗೆ ದುಡಿಸುತ್ತದೆ. ಬಸ್ಕಿ ತೊಡೆ ಮತ್ತು ಪೃಷ್ಠವನ್ನು. ಆದರೆ ಪೈಲ್ವಾನರಂತೆ ನೂರುಗಟ್ಟಲೆ ಹೊಡೆಸಬಾರದು. ಎಂಟರಿಂದ ಹನ್ನೆರಡು, ಎರಡು ಸುತ್ತು. ಕೊನೆಯದೂ ಮೊದಲನೆಯದರಷ್ಟೇ ಅಚ್ಚುಕಟ್ಟಾಗಿರಬೇಕು. ಭಂಗಿ ಕೆಟ್ಟ ಕ್ಷಣವೇ ನಿಲ್ಲಿಸಿ.

ಈಜುವವರಿಗೆಂದೇ ಇರುವ ಒಂದು ವ್ಯಾಯಾಮವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಚಾಪೆಯ ಮೇಲೆ ಅಂಗಾತ ಮಲಗಿ, ಗೋಡೆ ಒದ್ದಾಗಿನಂತೆ ತೋಳು ಕಿವಿಗೆ ಒತ್ತಿ, ನಡು ನೆಲಕ್ಕೆ ಅಂಟಿರುವಂತೆ ಹೊಟ್ಟೆ ಬಿಗಿಹಿಡಿದು, ಹೆಗಲು ಮತ್ತು ಕಾಲುಗಳನ್ನು ಗೇಣಷ್ಟು ಎತ್ತಿ ಹಿಡಿಯುವುದು. ನಡುವಿನ ಕೆಳಗೆ ನಿಮ್ಮ ಅಂಗೈ ತೂರಿಸಲು ಆಗಬಾರದು. ಹೆಚ್ಚಿನ ಮಕ್ಕಳಿಗೆ ಮೊದಲು ಹತ್ತು ಸೆಕೆಂಡು ಕಷ್ಟ, ಮುವ್ವತ್ತಕ್ಕೆ ಮುಟ್ಟುವ ಹೊತ್ತಿಗೆ ಜಾರುವ ಪರೀಕ್ಷೆಯ ಗುರುತು ತಾನಾಗಿ ಮುಂದೆ ಹೋಗಿರುತ್ತದೆ. ಇದರ ಜೊತೆಗೆ ಕಂಬಿಗೆ ಜೋತು ಪುಲ್‌ಅಪ್; ಬಾರದವರು ಸ್ಟೂಲ್ ಮೇಲಿಂದ ಮೇಲೇರಿ ನಿಧಾನವಾಗಿ ಇಳಿಯಲಿ. ಪಾದದ ಗಂಟು ಸಡಿಲವಿದ್ದಷ್ಟೂ ಕಿಕ್ ಚೆನ್ನು, ಅದಕ್ಕೆ ದಿನವೂ ಎರಡು ನಿಮಿಷ ವಜ್ರಾಸನ. ಒದ್ದೆ ಟೈಲ್ಸ್ ಮೇಲೆ ಮಾತ್ರ ಜಿಗಿತ ಬೇಡವೇ ಬೇಡ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವುದನ್ನು ಬಹಳ ಪೋಷಕರು ಕೇಳುತ್ತಾರೆ. ಉಸಿರಿಗೆ ಒಳ್ಳೆಯದು. ಹತ್ತಲಿ, ಓಡಿ ಇಳಿಯುವುದು ಬೇಡ. ಬೆಳೆಯುವ ಮೊಣಕಾಲಿನ ಕೆಳಗಿನ ಗುಬುಟು ನೋಯುವ ಮಕ್ಕಳಿಗೆ ಇಳಿಯುವ ಓಟವೇ ಶತ್ರು.

ಎತ್ತರದ ಏರಿಕೆ ಮೂರು ತಿಂಗಳಿಗೆ ಒಂದು ಸೆಂಟಿಮೀಟರ್‌ಗೆ ಇಳಿದ ಮೇಲೆ, ಭಂಗಿ ಪಕ್ಕಾ ಆಗಿದ್ದರೆ, ಡಂಬೆಲ್, ಬಾರ್‌ಬೆಲ್‌ಗಳಿಗೆ ಹೋಗಬಹುದು. ಮಕ್ಕಳನ್ನು ತರಬೇತು ಮಾಡಿ ಗೊತ್ತಿರುವವರು ಪಕ್ಕದಲ್ಲಿರಬೇಕು. ಭಾರವನ್ನು ಒಂದು ಸಲಕ್ಕೆ ಶೇಕಡಾ 5ರಿಂದ 10ಕ್ಕಿಂತ ಹೆಚ್ಚಿಸಬಾರದು.

ಹೆಜ್ಜೆ 5: ಭುಜ ಕಾಯಿರಿ

ಈಜುವ ಮಕ್ಕಳನ್ನು ಕಾಡುವ ನೋವುಗಳಲ್ಲಿ ಭುಜದ್ದೇ ಮೊದಲ ಸ್ಥಾನ. ಎಳೆಯುವ ಎದೆ ಮತ್ತು ಬೆನ್ನಿನ ಸ್ನಾಯುಗಳು ಬಲಿಯುತ್ತಾ ಹೋಗಿ, ಕೀಲನ್ನು ಹಿಂದಿನಿಂದ ಹಿಡಿದಿಡುವ ಸಣ್ಣ ಸ್ನಾಯುಗಳು ಹಾಗೆಯೇ ಉಳಿದರೆ ಹೆಗಲು ಮುಂದಕ್ಕೆ ಬಾಗುತ್ತದೆ. ರಬ್ಬರ್ ಬ್ಯಾಂಡ್ ಒಂದನ್ನು ಕಿಟಕಿಯ ಸರಳಿಗೆ ಕಟ್ಟಿ, ಪಕ್ಕೆ ಮತ್ತು ಮೊಣಕೈ ನಡುವೆ ಮಡಿಸಿದ ಟವೆಲ್ ಸಿಕ್ಕಿಸಿ, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಲಿ: ಹದಿನೈದು ಸಲ, ವಾರಕ್ಕೆ ಮೂರು ದಿನ. ಟವೆಲ್ ಬಿದ್ದರೆ ಭಂಗಿ ತಪ್ಪಿದೆ ಎಂದರ್ಥ.

ಕೈಗೆ ಕಟ್ಟುವ, ಹಲಗೆಯಂಥ ಪ್ಯಾಡಲ್‌ಗಳನ್ನು ಹನ್ನೆರಡರೊಳಗಿನ ಮಕ್ಕಳಿಗೆ ಕೊಡಬಾರದೆಂದೇ ನನ್ನ ಖಚಿತ ಅಭಿಪ್ರಾಯ. ಮೊಣಕೈ ಮೇಲಿಡುವುದು ಬಾರದ ಹುಡುಗನ ಭುಜಕ್ಕೆ ಅದು ದುಪ್ಪಟ್ಟು ಹೊರೆ. ಮೈ ಮೊದಲೇ ಸಡಿಲವಿರುವ ಮಕ್ಕಳ ತೋಳನ್ನು ಹಿಂದಿನಿಂದ ಹಿಡಿದು ಎಳೆದು ಬಗ್ಗಿಸುವುದೂ ಬೇಡ. ನೋವು ಈಜು ಮುಗಿದ ಮೇಲೂ ಉಳಿದರೆ, ರಾತ್ರಿ ಆ ಮಗ್ಗುಲಾಗಿ ಮಲಗಲು ಆಗದಿದ್ದರೆ, ಮುಲಾಮು ಹಚ್ಚಿ ಮತ್ತೆ ನೀರಿಗಿಳಿಸದೆ ಮೂಳೆ ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಹೆಜ್ಜೆ 6: ತಟ್ಟೆ ಮತ್ತು ನಿದ್ದೆ

ಪ್ರೋಟೀನ್ ಪುಡಿಯ ಡಬ್ಬಿ ಬೇಡ. ಅದರಲ್ಲಿ ಏನು ಬೆರೆತಿದೆಯೋ ಖಾತರಿಯಿಲ್ಲ. ನಿಷೇಧಿತ ಮದ್ದು ಮೂತ್ರದಲ್ಲಿ ಸಿಕ್ಕರೆ ‘ಗೊತ್ತಿರಲಿಲ್ಲ’ ಎಂದರೆ ಬಿಡುವುದಿಲ್ಲ. 40 ಕಿಲೊ ತೂಕದ ಈಜುವ ಮಗುವಿಗೆ ದಿನಕ್ಕೆ 50ರಿಂದ 65 ಗ್ರಾಮ್ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಮ್, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 50 ಗ್ರಾಮ್ ಒಣ ಕಾಳಿನಲ್ಲಿ 11ರ ಸುಮಾರು. ರಾಗಿಯಲ್ಲಿ 100 ಗ್ರಾಮ್‌ಗೆ 300 ಮಿಲಿಗ್ರಾಮ್‌ಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬೆಳೆಯುವ ಮೂಳೆಗೆ ಅದಕ್ಕಿಂತ ಬೇಕೇ? ಆದರೆ ಬರಿ ಮುದ್ದೆ ಬರಿ ಸಾರು ಸಾಲದು. ಹುರುಳಿ ಬಸ್ಸಾರಿನ ಕಾಳು ಪಲ್ಯದ ಜೊತೆ ತಟ್ಟೆಗೆ ಬೀಳಬೇಕು, ಉಪ್ಪೆಸರಿನ ಜೊತೆ ಬೆಂದ ಹೆಸರುಕಾಳು ಇರಬೇಕು, ಅವರೆ ಕಾಲದಲ್ಲಿ ಅವರೆ. ಬೆಳಿಗ್ಗೆ ಐದೂವರೆಗೆ ಕೊಳಕ್ಕೆ ಹೋಗುವ ಮಗುವಿಗೆ ಹೊರಡುವಾಗ ಒಂದು ಬಾಳೆಹಣ್ಣು ಕೊಡಿ, ಮೇಲೆ ಬಂದು ಒಂದು ಗಂಟೆಯೊಳಗೆ ಹೊಟ್ಟೆತುಂಬ ತಿಂಡಿ.

ಮುಟ್ಟು ಶುರುವಾದ ಹುಡುಗಿ ಹಿಂದೆ ಸಲೀಸಾಗಿ ಈಜುತ್ತಿದ್ದ ಸುತ್ತಿಗೇ ಏದುಸಿರು ಬಿಟ್ಟರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಜೊತೆ ಕಾಫಿ, ಚಹಾ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆ ನೆರವಾಗುತ್ತದೆ.

ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ನಸುಕಿನಲ್ಲೇಳುವ ಮಗು ಒಂಬತ್ತಕ್ಕೆ ಮಲಗಬೇಕು, ಬೇರೆ ದಾರಿಯಿಲ್ಲ.

ಚಳಿಗಾಲ, ಮತ್ತೆ ಪರೀಕ್ಷೆಯ ನಂತರ

ಧನುರ್ಮಾಸದ ಬೆಳಗಿನಲ್ಲಿ ಬಯಲು ಕೊಳದ ನೀರು ಸಣಕಲು ಮಕ್ಕಳನ್ನು ಬೇಗ ಹಣ್ಣು ಮಾಡುತ್ತದೆ. ಸಣ್ಣ ಮೈ, ತೆಳು ಕೊಬ್ಬು; ಶಾಖ ಬಹುಬೇಗ ಸೋರಿಹೋಗುತ್ತದೆ. ಹತ್ತು ನಿಮಿಷ ದಡದಲ್ಲಿ ಮೈ ಬಿಸಿ ಮಾಡಿಸಿ ಇಳಿಸಿ, ಗೋಡೆ ಹಿಡಿದು ಕಾಯಿಸುವ ಸಮಯ ಕಡಿಮೆ ಮಾಡಲು ಕೋಚ್‌ಗೆ ಹೇಳಿ, ತುಟಿ ನೀಲಿಗಟ್ಟಿದರೆ ಮೇಲೆ ಕರೆಯಿರಿ. ನಡುಗುತ್ತಾ ಈಜಿದ ಈಜಿನಿಂದ ಬಲವೂ ಬಾರದು, ಶೈಲಿಯೂ ಉಳಿಯದು.

ಎಸ್ಎಸ್ಎಲ್‌ಸಿ, ವಾರ್ಷಿಕ ಪರೀಕ್ಷೆಗಳಿಗಾಗಿ ಎರಡು ಮೂರು ತಿಂಗಳು ನೀರು ಬಿಟ್ಟ ಮಕ್ಕಳು ಏಪ್ರಿಲ್‌ನಲ್ಲಿ ಮರಳುವಾಗ ಎತ್ತರವೂ ಬದಲಾಗಿರುತ್ತದೆ. ನೀರಿಗಿಳಿಸುವ ಮೊದಲು ಅಳತೆಯ ಪುಸ್ತಕ ತೆಗೆದು ಹೊಸ ಸಾಲು ಬರೆಯಿರಿ, ಅದನ್ನು ಕೋಚ್‌ಗೆ ತೋರಿಸಿ. ಮೊದಲ ವಾರ ಹಿಂದೆ ಈಜುತ್ತಿದ್ದುದರ ಅರ್ಧದಷ್ಟು ದೂರ ಮಾತ್ರ, ಅದರಲ್ಲಿ ಬಹುಪಾಲು ಕಿಕ್ ಮತ್ತು ಬ್ಯಾಕ್‌ಸ್ಟ್ರೋಕ್. ಎರಡನೆಯ ವಾರ ಮುಕ್ಕಾಲು. ರಬ್ಬರ್ ಬ್ಯಾಂಡ್ ವ್ಯಾಯಾಮ ಪರೀಕ್ಷೆಯ ದಿನಗಳಲ್ಲೂ ಬಿಡದಂತೆ ಮನೆಯಲ್ಲೇ ಐದು ನಿಮಿಷ ನಡೆದಿರಲಿ. ಬಟರ್‌ಫ್ಲೈ, ಡೈವ್ ಮತ್ತು ವೇಗದ ಸುತ್ತುಗಳು ಮೂರನೆಯ ವಾರದಿಂದ, ಭುಜದಲ್ಲಿ ನೋವಿಲ್ಲವೆಂದು ಖಚಿತವಾದ ಮೇಲೆ.